ಅಡಿಕೆಯ ಲೆಕ್ಕ, ಸಿಗ್ಮಾದ ಹೆದರಿಕೆ

ನೆರಿಯದ ಒಂದು ಮನೆಯಂಗಳ. ಚಾರ್ಮಾಡಿ ಕಡೆಯ ಗುಡ್ಡದಿಂದ ಮಂಜು ಇನ್ನೂ ಇಳಿದಿಲ್ಲ. ಎರಡು ಗೋಣಿ ಅಡಿಕೆ ಜೀಪು ಹತ್ತಲು ಕಾದಿವೆ. ಒಂದರಲ್ಲಿ ಒಳ್ಳೆಯ ಅಡಿಕೆ 60 ಕಿಲೋ, ಇನ್ನೊಂದರಲ್ಲಿ ಕೆಳದರ್ಜೆಯ ಪಟೋರ 20 ಕಿಲೋ. ಒಳ್ಳೆಯದಕ್ಕೆ ಕಿಲೋಗೆ 480 ರೂಪಾಯಿ, ಪಟೋರಕ್ಕೆ 400 ಎಂದಿಟ್ಟುಕೊಂಡರೆ ಒಟ್ಟಾರೆ ಕಿಲೋಗೆ ಎಷ್ಟು ಬಿದ್ದ ಹಾಗಾಯ್ತು ಎಂದು ಆ ಮನೆಯ ಅಮ್ಮನನ್ನು ಕೇಳಿದೆ. ಗೋಣಿಯ ಬಾಯಿ ಹೊಲಿಯುತ್ತಲೇ ಹೇಳಿದರು: "ಮೂರು ಪಾಲು ಒಳ್ಳೆಯದು, ಒಂದು ಪಾಲು ಪಟೋರ. ಪಟೋರಕ್ಕೆ ಎಂಬತ್ತು ಕಡಿಮೆ. ಎಂಬತ್ತರಲ್ಲಿ ಕಾಲು ಇಪ್ಪತ್ತು. ನಾನೂರ ಅರವತ್ತು ಬಿತ್ತು."

ಜಗಲಿಯಲ್ಲಿ ಮಗ ಪುಸ್ತಕ ಹರವಿಕೊಂಡಿದ್ದ. ಬಿ.ಕಾಂ. ಎರಡನೇ ವರ್ಷ, ಮರುದಿನ ಇಂಟರ್ನಲ್. ಅವನಿಗೂ ಅದೇ ಲೆಕ್ಕ ಕೊಟ್ಟೆ. 480ಕ್ಕೆ 400 ಕೂಡಿಸಿ ಎರಡರಿಂದ ಭಾಗಿಸಿ 440 ಎಂದ. ತೂಕ ಎಲ್ಲಿ ಹೋಯಿತು ಎಂದು ಕೇಳಿದ ಮೇಲೆ ನೋಟ್ಸಿನ ಪುಟ ಹಿಂದೆ ಮುಂದೆ ತಿರುವಿ, "ಇದಕ್ಕೊಂದು ಫಾರ್ಮುಲಾ ಉಂಟು ಸರ್, ಸಿಗ್ಮಾದ್ದು" ಎಂದ. ಅವನ ಲೆಕ್ಕದಂತೆ ಮಾರಿದ್ದರೆ ಕಿಲೋಗೆ 20 ರೂಪಾಯಿ, 80 ಕಿಲೋಗೆ 1,600 ರೂಪಾಯಿ ಅಂಗಳ ದಾಟುವ ಮೊದಲೇ ಕೈತಪ್ಪುತ್ತಿತ್ತು.

ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಅಮ್ಮ ಹಾಕಿದ ಲೆಕ್ಕ ಮಗನ ಸ್ಟ್ಯಾಟಿಸ್ಟಿಕ್ಸ್ ಪುಸ್ತಕದಲ್ಲೇ ಇದೆ. ಅದಕ್ಕೆ ಅಲ್ಲಿ ಅಸ್ಯೂಮ್ಡ್ ಮೀನ್ ಮೆಥಡ್ ಎಂದು ಹೆಸರು, ಕನ್ನಡದಲ್ಲಿ ಊಹಿತ ಸರಾಸರಿ. ಮೊದಲು ಒಂದು ದರ ಹಿಡಿದುಕೊ, ಅದರಿಂದ ಉಳಿದವು ಎಷ್ಟು ಆಚೀಚೆ ಎಂದು ನೋಡು, ಆ ವ್ಯತ್ಯಾಸವನ್ನು ಪಾಲಿಗೆ ತಕ್ಕಂತೆ ಹಂಚು. ಆಕೆ 480ನ್ನು ಹಿಡಿದುಕೊಂಡರು, ಪಟೋರದ ವ್ಯತ್ಯಾಸ 80, ಅದರ ಪಾಲು ನಾಲ್ಕರಲ್ಲೊಂದು. ಸಿಗ್ಮಾ, ಎಫ್, ಡಿ, ಎನ್ ಎಂದು ಅಧ್ಯಾಪಕರು ಬೋರ್ಡಿನ ಮೇಲೆ ಬರೆಯುವುದು ಇದನ್ನೇ. ಇಬ್ಬರೂ ಒಂದೇ ಮಾಡಿನ ಕೆಳಗಿದ್ದಾರೆ, ಆದರೆ ಒಬ್ಬರ ಲೆಕ್ಕ ಇನ್ನೊಬ್ಬರ ಗಣಿತವೆಂದು ಇಬ್ಬರಿಗೂ ಯಾರೂ ಹೇಳಿಲ್ಲ.

ವಾಣಿಜ್ಯ ಓದುವ ಮಕ್ಕಳು ಬಿಸಿನೆಸ್ ಮ್ಯಾಥ್ಸ್, ಸ್ಟ್ಯಾಟಿಸ್ಟಿಕ್ಸ್, ಕಾಸ್ಟ್ ಅಕೌಂಟಿಂಗ್, ಫೈನಾನ್ಶಿಯಲ್ ಮ್ಯಾನೇಜ್‌ಮೆಂಟಿನಲ್ಲಿ ಯಾಕೆ ಸೋಲುತ್ತಾರೆ, ಏನಾದರೆ ಗೆಲ್ಲುತ್ತಾರೆ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ "ತಲೆ ಬೇಕು" ಅಥವಾ "ಮೊಬೈಲು ಬಿಡಬೇಕು". ಎರಡನೆಯದರಲ್ಲಿ ಒಂದಿಷ್ಟು ಸತ್ಯವಿರಬಹುದು. ಮೊದಲನೆಯದನ್ನು ನಾನು ಒಪ್ಪುವುದಿಲ್ಲ. ಬೆಳ್ತಂಗಡಿ ತಾಲೂಕಿನ ಈ ಮೂಲೆಯಲ್ಲಿ ಲೆಕ್ಕಕ್ಕೆ ಬರವೇ ಇಲ್ಲ. ಹಾಲಿನ ಸೊಸೈಟಿಯ ಚೀಟಿಯಲ್ಲಿ ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಎರಡನ್ನೂ ನೋಡಿ ದರ ಸರಿಯೇ ಎಂದು ಹೇಳಬಲ್ಲವರಿದ್ದಾರೆ. ರಬ್ಬರಿನವರಿಗೆ ಡಿಆರ್‌ಸಿ ಗೊತ್ತು: ನೂರು ಕಿಲೋ ರಬ್ಬರು ಹಾಲಿನಲ್ಲಿ ಡಿಆರ್‌ಸಿ 35 ಎಂದರೆ ಒಣ ರಬ್ಬರು 35 ಕಿಲೋ. ಬೀಡಿ ಕಟ್ಟುವ ಹೆಂಗಸರಿಗೆ ಸಾವಿರ ಬೀಡಿಗೆ ಎಷ್ಟು ಎಲೆ ಬಂತು, ಎಷ್ಟು ಸಾಲದೆ ಹೋಯಿತು ಎಂಬುದು ಪಾಸುಪುಸ್ತಕ ನೋಡದೆಯೇ ಗೊತ್ತು. ಕೊರತೆ ಇರುವುದು ಇದಕ್ಕೂ ತರಗತಿಗೂ ನಡುವಿನ ದಾರಿಯಲ್ಲಿ.

ಈ ದಾರಿ ತಾನಾಗಿ ಹುಟ್ಟುವುದಿಲ್ಲ ಎನ್ನುವುದಕ್ಕೆ ಗಟ್ಟಿ ಪುರಾವೆಯಿದೆ. 1985ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಮೂವರು ಸಂಶೋಧಕರು ಬೀದಿಯಲ್ಲಿ ತೆಂಗಿನಕಾಯಿ ಮತ್ತಿತರ ವಸ್ತು ಮಾರುವ ಐವರು ಮಕ್ಕಳ ಬಳಿ ಗಿರಾಕಿಗಳಂತೆ ಹೋಗಿ ಬೆಲೆ ಕೇಳಿದರು. ನೂರಕ್ಕೆ 98ರಷ್ಟು ಉತ್ತರ ಸರಿ. ಅದೇ ಸಂಖ್ಯೆಗಳನ್ನು ಕಾಗದದ ಮೇಲೆ ಬರಿಯ ಕೂಡು-ಗುಣಿಸು ಲೆಕ್ಕವಾಗಿ ಕೊಟ್ಟಾಗ ಸರಿ ಬಂದದ್ದು 37ರಷ್ಟು. ಕತೆಯ ರೂಪದ ಲೆಕ್ಕವಾಗಿ ಕೊಟ್ಟರೆ 74. ಐದು ಮಕ್ಕಳ ಮೇಲಿನ ಅಧ್ಯಯನ ಸಣ್ಣದಾಯಿತು ಎನ್ನುವವರಿಗೆ ನಮ್ಮ ದೇಶದ್ದೇ ಇನ್ನೊಂದಿದೆ. ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಕೋಲ್ಕತ್ತಾ, ದೆಹಲಿಗಳ ಮಾರುಕಟ್ಟೆಯಲ್ಲಿ ದುಡಿಯುವ ಮಕ್ಕಳನ್ನು ನೋಡಿ 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ್ದು ಇದನ್ನೇ. ಮಾರುವ ಮಕ್ಕಳಿಗೆ ಪುಸ್ತಕದ ಲೆಕ್ಕ ಕಷ್ಟ. ಶಾಲೆಯ ಮಕ್ಕಳ ಕತೆ ಇದಕ್ಕೆ ತಿರುಗಾಮುರುಗಾ: ಪುಸ್ತಕದ್ದು ಮಾಡುತ್ತಾರೆ, ಮಾರುಕಟ್ಟೆಯದ್ದರಲ್ಲಿ ತಡವರಿಸುತ್ತಾರೆ.

ಕನ್ನಡದಲ್ಲಿ ಈ ಎರಡು ಲೋಕಗಳು ಮೊದಲು ಇಷ್ಟು ದೂರವಿರಲಿಲ್ಲ. ನಮ್ಮ ಭಾಷೆಯಲ್ಲಿ ಗಣಿತ ಬರೆದ ಮೊದಲಿಗನೆಂದು ಹೆಸರಾದವನು 12ನೇ ಶತಮಾನದ ಜೈನ ಕವಿ ರಾಜಾದಿತ್ಯ. ಅವನ ಗ್ರಂಥದ ಹೆಸರೇ 'ವ್ಯವಹಾರಗಣಿತ'. ಇಂದಿನ ಪಠ್ಯಪಟ್ಟಿಯ 'ಬಿಸಿನೆಸ್ ಮ್ಯಾಥಮ್ಯಾಟಿಕ್ಸ್'ಗೆ ಅಕ್ಷರಶಃ ಅನುವಾದ ಬೇಕೆಂದರೂ ಇದಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ. ಅವನಿಗೂ ಮುನ್ನೂರು ವರ್ಷ ಹಿಂದೆ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ 'ಗಣಿತಸಾರಸಂಗ್ರಹ'ದಲ್ಲಿ ಬಡ್ಡಿ, ಪಾಲುಗಾರಿಕೆ, ಮಿಶ್ರಣ, ತ್ರೈರಾಶಿಕಗಳ ಲೆಕ್ಕ ಬೇಕಾದಷ್ಟಿವೆ.

ಇನ್ನು ಮೂಡುಬಿದಿರೆ. ಅಲ್ಲಿನ ಸಿದ್ಧಾಂತ ಬಸದಿಯಲ್ಲಿ ಕಾಪಾಡಿಕೊಂಡು ಬಂದ 'ಧವಲಾ' ತಾಳೆಗರಿಗಳ ಬಗ್ಗೆ ಕೇಳದವರು ಕಡಿಮೆ. 9ನೇ ಶತಮಾನದ ಆ ವ್ಯಾಖ್ಯಾನದಲ್ಲಿ ವೀರಸೇನಾಚಾರ್ಯರು ಅರ್ಧಚ್ಛೇದ ಎಂಬ ಕಲ್ಪನೆಯನ್ನು ಬಳಸುತ್ತಾರೆ. ಒಂದು ಸಂಖ್ಯೆಯನ್ನು ಒಂದಕ್ಕೆ ಇಳಿಸಲು ಎಷ್ಟು ಸಲ ಅರ್ಧ ಮಾಡಬೇಕು? 8ನ್ನು ಮೂರು ಸಲ, 32ನ್ನು ಐದು ಸಲ. ಇಂದಿನ ಭಾಷೆಯಲ್ಲಿ ಇದು ಎರಡನ್ನು ಆಧಾರವಾಗಿಟ್ಟ ಲಾಗರಿದಮ್. ಬಸದಿಯಿಂದ ಕೂಗಳತೆಯ ಕಾಲೇಜುಗಳಲ್ಲಿ ಚಕ್ರಬಡ್ಡಿಯ ಲೆಕ್ಕಕ್ಕೆ ಮಕ್ಕಳು ಲಾಗ್ ಟೇಬಲ್ ತೆಗೆದು ಬೆವರುತ್ತಾರೆ. ಶೇ. 8ರ ಚಕ್ರಬಡ್ಡಿಯಲ್ಲಿ ಹಣ ಇಮ್ಮಡಿಯಾಗಲು ಸುಮಾರು 9 ವರ್ಷ. ಎಂಟು ಪಟ್ಟು ಆಗಬೇಕಾದರೆ? ಎಂಟರ ಅರ್ಧಚ್ಛೇದ ಮೂರು, ಮೂರೊಂಬತ್ತಲ 27 ವರ್ಷ. ಕ್ಯಾಲ್ಕುಲೇಟರು ಒತ್ತಿ ನೋಡಿ, 7.99 ಪಟ್ಟು ಬರುತ್ತದೆ. ಪಾಠದ ಮೊದಲ ಐದು ನಿಮಿಷ ಇದನ್ನು ಹೇಳಿ ಆಮೇಲೆ ಟೇಬಲ್ ತೆರೆಸಿದರೆ ಲಾಗ್ ಎಂಬುದು ಆಕಾಶದಿಂದ ಬಿದ್ದದ್ದು ಎಂದು ಯಾರಿಗೂ ಅನಿಸುವುದಿಲ್ಲ.

ಹಾಗಾದರೆ ದಾರಿ ಕಡಿಯುವುದು ಎಲ್ಲಿ? ಬಹುಮಟ್ಟಿಗೆ ಪಿಯುಸಿಯಲ್ಲಿ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಕಷ್ಟಪಟ್ಟು ಪಾಸಾದವರು "ಇನ್ನು ಮ್ಯಾಥ್ಸ್ ಸಾಕು" ಎಂದು ಕಾಮರ್ಸಿಗೆ ಬರುತ್ತಾರೆ. ಅಲ್ಲಿ ಬೇಸಿಕ್ ಮ್ಯಾಥ್ಸ್, ಸ್ಟ್ಯಾಟಿಸ್ಟಿಕ್ಸ್ ಇರುವ ಕಾಂಬಿನೇಷನ್ ಇದೆ, ಬದಲಿಗೆ ಇತಿಹಾಸ ಇರುವ ಎಚ್‌ಇಬಿಎಯೂ ಇದೆ. ಇತಿಹಾಸ ಓದುವುದು ತಪ್ಪಲ್ಲ. ಆದರೆ ಗಣಿತದಿಂದ ತಪ್ಪಿಸಿಕೊಳ್ಳಲೆಂದು ಅದನ್ನು ಹಿಡಿದವರು ಎರಡು ವರ್ಷ ಒಂದು ಸಮೀಕರಣವನ್ನೂ ಬಿಡಿಸದೆ ಬಿ.ಕಾಂ.ಗೆ ಬರುತ್ತಾರೆ, ಬಂದೊಡನೆ ಮ್ಯಾಟ್ರಿಕ್ಸ್ ಎದುರಾಗುತ್ತದೆ. ಪದವಿಯ ಗಣಿತದಲ್ಲಿ ಯಾರು ದಡ ಸೇರುತ್ತಾರೆ ಎಂದು ಮೊದಲೇ ಹೇಳಬಹುದಾದ ಅತಿ ದೊಡ್ಡ ಸುಳಿವು ಹಿಂದೆ ಎಷ್ಟು ಗಣಿತ ಕಲಿತು ಬಂದಿದ್ದಾರೆ ಎಂಬುದೇ. ಹತ್ತನೇ ತರಗತಿ ಮುಗಿದ ತಿಂಗಳಲ್ಲಿ ಮಗಳ ಅರ್ಜಿ ತುಂಬುವ ಅಪ್ಪ-ಅಮ್ಮಂದಿರು ಇದನ್ನು ಓದುತ್ತಿದ್ದರೆ, ಆ ಒಂದು ಕಾಲಂ ತುಂಬುವಾಗ ಸ್ವಲ್ಪ ನಿಲ್ಲಿ. ಸಿ.ಎ. ಕನಸಿದ್ದರಂತೂ ನಿಲ್ಲಲೇಬೇಕು. ಸಿ.ಎ. ಫೌಂಡೇಷನ್ನಿನ ನಾಲ್ಕು ಪತ್ರಿಕೆಗಳಲ್ಲಿ ಮೂರನೆಯದು 100 ಅಂಕದ ಕ್ವಾಂಟಿಟೇಟಿವ್ ಆಪ್ಟಿಟ್ಯೂಡ್. ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತವೂ ಉಂಟು.

ಬಿಟ್ಟುಹೋದದ್ದು ತುಂಬ ದೊಡ್ಡದೇನಲ್ಲ ಎನ್ನುವುದು ಸಮಾಧಾನದ ಸಂಗತಿ. ಮಕ್ಕಳು ಎಡವುವುದು ಹೊಸ ಪಾಠದಲ್ಲಿ ಎಂದು ಕಾಣುತ್ತದೆ, ಕೆದಕಿದರೆ ಸಿಗುವುದು ಏಳನೇ ತರಗತಿಯ ಭಿನ್ನರಾಶಿ, ಶೇಕಡ, ಋಣಚಿಹ್ನೆ. 500 ರೂಪಾಯಿಯ ಅಡಿಕೆ ಶೇ. 20 ಇಳಿದು ಮತ್ತೆ ಶೇ. 20 ಏರಿದರೆ ಎಷ್ಟು ಎಂದು ಪದವಿ ತರಗತಿಯಲ್ಲಿ ಕೇಳಿ ನೋಡಿ. 500 ಎಂಬ ಉತ್ತರ ಒಂದೆರಡು ಬೆಂಚಿನಿಂದಲಾದರೂ ಬಂದೇ ಬರುತ್ತದೆ. 400ಕ್ಕೆ ಇಳಿದದ್ದು 480ಕ್ಕೆ ನಿಲ್ಲುತ್ತದೆ, ಹಳೆಯ ದರಕ್ಕೆ ಮರಳಲು ಶೇ. 25 ಏರಬೇಕು. ಈ ಒಂದು ತಿಳಿವಳಿಕೆ ಸಡಿಲವಾಗಿದ್ದರೆ ಲಾಭದ ಶೇಕಡ ಕೊಂಡ ಬೆಲೆಯ ಮೇಲೋ ಮಾರಿದ ಬೆಲೆಯ ಮೇಲೋ ಎಂಬಲ್ಲಿ ಕಾಸ್ಟ್ ಅಕೌಂಟಿಂಗ್ ಪೂರ್ತಿ ಅಲುಗಾಡುತ್ತದೆ.

ನೆರಿಯದಲ್ಲಿ ಒಂದು ಪಂಪಿಂಗ್ ಸ್ಟೇಷನ್ ಇದೆ. ಮಂಗಳೂರಿನಿಂದ ಹಾಸನದ ಮೇಲಾಗಿ ಬೆಂಗಳೂರಿಗೆ ಪೆಟ್ರೋಲು, ಡೀಸೆಲ್ ಒಯ್ಯುವ ಸುಮಾರು 360 ಕಿಲೋಮೀಟರಿನ ಕೊಳವೆ ಮಾರ್ಗ ಘಟ್ಟ ಹತ್ತುವ ಮೊದಲು ಇಲ್ಲಿ ಒತ್ತಡ ತುಂಬಿಕೊಳ್ಳುತ್ತದೆ. ಕೆಳಗಿಂದ ಬಂದ ವೇಗದಲ್ಲೇ ಘಟ್ಟ ಹತ್ತಿಸುತ್ತೇನೆಂದು ಯಾವ ಎಂಜಿನಿಯರೂ ಹೊರಡುವುದಿಲ್ಲ. ನಮ್ಮ ಕಾಲೇಜುಗಳು ಹೊರಡುತ್ತವೆ. ಇದ್ದಲ್ಲೂ 'ಬ್ರಿಡ್ಜ್ ಕೋರ್ಸ್' ಎಂದು ಮೂರು ದಿನ, ಅದರಲ್ಲಿ ಉದ್ಘಾಟನೆಗೇ ಅರ್ಧ ದಿನ. ಆಗಬೇಕಾದದ್ದು ಬೇರೆ: ಮೊದಲ ವಾರದಲ್ಲಿ ಅಂಕಕ್ಕೆ ಸೇರದ ಒಂದು ಸಣ್ಣ ಪರೀಕ್ಷೆ, ಯಾರಿಗೆ ಭಿನ್ನರಾಶಿ, ಯಾರಿಗೆ ಶೇಕಡ ಎಂದು ಗುರುತು, ಆಮೇಲೆ ಇಡೀ ಸೆಮಿಸ್ಟರ್ ವಾರಕ್ಕೊಂದು ಗಂಟೆ. ಬ್ರಿಟನ್ನಿನ ಲಾಫ್‌ಬರೋ ವಿಶ್ವವಿದ್ಯಾಲಯ 1996ರಲ್ಲಿ ಗಣಿತ ನೆರವು ಕೇಂದ್ರವೊಂದನ್ನು ತೆರೆಯಿತು. ಯಾರು ಬೇಕಾದರೂ ಒಳಗೆ ಹೋಗಿ ತಮ್ಮ ಸಂಶಯ ಕೇಳಬಹುದು. ಅಂಥ ಕೇಂದ್ರಗಳು ಈಗ ಆ ದೇಶದ ಬಹುತೇಕ ವಿಶ್ವವಿದ್ಯಾಲಯಗಳಲ್ಲಿವೆ. ಇದಕ್ಕೆ ಕಟ್ಟಡ ಬೇಡ. ಮಧ್ಯಾಹ್ನದ ಬಿಡುವಿನಲ್ಲಿ ಒಂದು ಮೇಜು, ಒಬ್ಬರು ಮೇಷ್ಟ್ರು ಸಾಕು.

ನಮ್ಮ ಕಡೆಯದ್ದೇ ಆದ ಇನ್ನೊಂದು ತೊಡಕು ಮಳೆ. ತರಗತಿ ಶುರುವಾಗುವ ಹೊತ್ತಿಗೇ ಜಿಲ್ಲಾಧಿಕಾರಿಗಳ ರಜೆ ಘೋಷಣೆಯೂ ಬರುತ್ತದೆ. ರಜೆ ಇಲ್ಲದ ದಿನ ಹೊಳೆ ತುಂಬಿ ಉಜಿರೆಗೆ ಹೋಗುವ ಬಸ್ಸು ತಡ. ಇತಿಹಾಸದ ಒಂದು ಪಾಠ ತಪ್ಪಿದರೆ ಮುಂದಿನದು ಅರ್ಥವಾದೀತು. ಗಣಿತದಲ್ಲಿ ಜುಲೈಯ ಎರಡು ದಿನ ತಪ್ಪಿದ್ದು ಸೆಪ್ಟೆಂಬರಿನಲ್ಲಿ ಹೊಡೆಯುತ್ತದೆ. ತಪ್ಪಿದ ತರಗತಿಯ ನೋಟ್ಸನ್ನು ವಾಟ್ಸಾಪಿನಲ್ಲಿ ಫೋಟೋ ತರಿಸಿಕೊಂಡರೆ ಮುಗಿಯಿತೆಂದು ಮಕ್ಕಳು ತಿಳಿಯುತ್ತಾರೆ, ಆ ಫೋಟೋ ಗ್ಯಾಲರಿಯಲ್ಲೇ ಉಳಿಯುತ್ತದೆ.

ಭಾಷೆಯ ಮಾತು ಹೇಳದಿದ್ದರೆ ಅರ್ಧ ಬಿಟ್ಟ ಹಾಗೆ. ಮನೆಯಲ್ಲಿ ತುಳು, ಮಲಯಾಳ ಅಥವಾ ಬ್ಯಾರಿ, ಹತ್ತರವರೆಗೆ ಕನ್ನಡ, ಆಮೇಲೆ ಇದ್ದಕ್ಕಿದ್ದಂತೆ ಇಂಗ್ಲಿಷ್. ಲೆಕ್ಕ ಬಾರದ್ದಕ್ಕಿಂತ ಲೆಕ್ಕದ ವಾಕ್ಯ ಬಾರದ್ದೇ ಹೆಚ್ಚು. 'ರೆಸ್ಪೆಕ್ಟಿವ್ಲಿ' ಎಂಬ ಒಂದು ಪದವನ್ನೇ ನೋಡಿ. ಎ, ಬಿ, ಸಿ ಮೂವರು ಇಂತಿಷ್ಟು, ಇಂತಿಷ್ಟು, ಇಂತಿಷ್ಟು 'ರೆಸ್ಪೆಕ್ಟಿವ್ಲಿ' ಹಾಕಿದರು ಎಂದಿದ್ದರೆ, ಅದು ಅನುಕ್ರಮವಾಗಿ ಎಂದು ತಿಳಿಯದವನಿಗೆ ಯಾರ ಬಂಡವಾಳ ಯಾವುದು ಎಂಬುದೇ ಸಿಗುವುದಿಲ್ಲ. 'ಅಟ್ ಲೀಸ್ಟ್', 'ಅಟ್ ಮೋಸ್ಟ್' ತಿರುವುಮುರುವಾದರೆ ಸಂಭವನೀಯತೆಯ ಉತ್ತರ ತಲೆಕೆಳಗು. ನನ್ನ ವಿದ್ಯಾರ್ಥಿ ದಿನಗಳಲ್ಲಿ 'ಪರ್ ಆನಮ್' ಎಂದರೆ ತಿಂಗಳಿಗೆ ಎಂದುಕೊಂಡು ಒಂದು ಇಡೀ ಪರೀಕ್ಷೆ ಬರೆದಿದ್ದೆ. ಹನ್ನೆರಡು ಪಟ್ಟು ಬಡ್ಡಿ ವಸೂಲಿ ಮಾಡಿದ ಆ ಉತ್ತರ ಪತ್ರಿಕೆ ನೋಡಿದವರಿಗೆ ಏನನಿಸಿತೋ. ಆಗ ಯಾರಾದರೂ ಒಬ್ಬರು ಲೆಕ್ಕವನ್ನು ಕನ್ನಡದಲ್ಲೋ ತುಳುವಿನಲ್ಲೋ ಒಮ್ಮೆ ಬಾಯಿಬಿಟ್ಟು ಹೇಳಿ, ಆಮೇಲೆ ಇಂಗ್ಲಿಷಿನಲ್ಲಿ ಬಿಡಿಸು ಎಂದಿದ್ದರೆ ಸಾಕಿತ್ತು. ತರಗತಿಯಲ್ಲಿ ಮನೆಮಾತು ಬಳಸಿದರೆ ಇಂಗ್ಲಿಷ್ ಕೆಡುತ್ತದೆ ಎಂಬ ಹೆದರಿಕೆ ಕೆಲವು ಅಧ್ಯಾಪಕರಿಗಿದೆ. ಕೆಡುವುದಿಲ್ಲ.

ಅಭ್ಯಾಸ ಮಾಡಿ, ಅಭ್ಯಾಸ ಮಾಡಿ ಎಂದು ಎಲ್ಲರೂ ಹೇಳುತ್ತಾರೆ, ಹೇಗೆ ಎಂದು ಹೇಳುವವರು ಕಡಿಮೆ. ಪುಸ್ತಕದಲ್ಲಿ ಸರಳಬಡ್ಡಿಯ ಪಾಠದ ಕೊನೆಗೆ ಇಪ್ಪತ್ತು ಸರಳಬಡ್ಡಿಯ ಲೆಕ್ಕ. ಮೂರನೆಯದಕ್ಕೆ ಬರುವಷ್ಟರಲ್ಲಿ ಕೈ ತಾನಾಗಿ ಓಡುತ್ತದೆ, ತಲೆ ರಜೆ ಹಾಕುತ್ತದೆ. ಪರೀಕ್ಷೆಯಲ್ಲಿ ಮಾತ್ರ ಯಾವ ಲೆಕ್ಕ ಯಾವ ಪಾಠದ್ದು ಎಂದು ಬರೆದಿರುವುದಿಲ್ಲ. ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ ಎಂಬ ಅಮೆರಿಕದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪಿಗೆ ಒಂದೊಂದೇ ಬಗೆಯ ಲೆಕ್ಕವನ್ನು ಸಾಲಾಗಿ ಕೊಟ್ಟರು, ಇನ್ನೊಂದಕ್ಕೆ ಎಲ್ಲವನ್ನೂ ಕಲಸಿ ಕೊಟ್ಟರು. ಅಭ್ಯಾಸದ ಹೊತ್ತಿಗೆ ಸಾಲಾಗಿ ಮಾಡಿದವರದ್ದು ಶೇ. 89 ಸರಿ, ಕಲಸಿ ಮಾಡಿದವರದ್ದು 60. ಒಂದು ವಾರ ಬಿಟ್ಟು ಪರೀಕ್ಷೆ ಇಟ್ಟಾಗ ಸಾಲಿನವರು 20ಕ್ಕೆ ಇಳಿದರು, ಕಲಸಿದವರು 63ರಲ್ಲಿ ನಿಂತರು. ಓದುವಾಗ ಸುಲಭವೆನಿಸಿದ್ದೇ ಮೋಸ ಮಾಡಿತು. ಹಾಗಾಗಿ ಹಳೆಯ ಪ್ರಶ್ನೆಪತ್ರಿಕೆಗಳ ಲೆಕ್ಕಗಳನ್ನು ಚೀಟಿ ಮಾಡಿ ಡಬ್ಬದಲ್ಲಿ ಹಾಕಿ, ದಿನಕ್ಕೆ ನಾಲ್ಕು ಎತ್ತುವುದು ಐವತ್ತು ಒಂದೇ ಥರದ ಲೆಕ್ಕಕ್ಕಿಂತ ಮೇಲು. ಬೇರೆಯವರು ಲೆಕ್ಕ ಬಿಡಿಸುವುದನ್ನು ಯೂಟ್ಯೂಬಿನಲ್ಲಿ ನೋಡಿ ತಲೆಯಾಡಿಸುವುದನ್ನಂತೂ ಅಭ್ಯಾಸ ಎಂದು ಕರೆಯಲಾಗದು. ತೆಂಗಿನಮರ ಹತ್ತುವವನನ್ನು ಕೆಳಗೆ ನಿಂತು ಎಷ್ಟು ಹೊತ್ತು ನೋಡಿದರೂ ಎಳನೀರು ಕೈಗೆ ಬರುವುದಿಲ್ಲ.

1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಯೂರಿ ಟ್ರೈಸ್ಮನ್ ಎಂಬ ಯುವಕ, ಕ್ಯಾಲ್ಕುಲಸಿನಲ್ಲಿ ಕಪ್ಪು ವಿದ್ಯಾರ್ಥಿಗಳು ಸೋಲುವುದೂ ಚೀನೀ ಮೂಲದವರು ಗೆಲ್ಲುವುದೂ ಯಾಕೆಂದು ಹುಡುಕಲು ಹೊರಟ. ಪ್ರಾಧ್ಯಾಪಕರನ್ನು ಕೇಳಿದರೆ ಆಸಕ್ತಿಯಿಲ್ಲ, ಮನೆಯ ಬೆಂಬಲವಿಲ್ಲ ಎಂದರು. ಅವನು ಮಕ್ಕಳ ಜೊತೆಗೇ ಓಡಾಡಿ ನೋಡಿದ. ಆಸಕ್ತಿಗೂ ಬೆಂಬಲಕ್ಕೂ ಕೊರತೆಯಿರಲಿಲ್ಲ. ಸೋತವರು ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬೊಬ್ಬರೇ ಓದುತ್ತಿದ್ದರು. ಗೆದ್ದವರು ಮೊದಲು ಒಬ್ಬರೇ ಮಾಡಿ, ಸಂಜೆ ಒಟ್ಟಿಗೆ ಕೂತು ಒಬ್ಬರದ್ದನ್ನೊಬ್ಬರು ತಿದ್ದುತ್ತಿದ್ದರು. ಟ್ರೈಸ್ಮನ್ ಆಮೇಲೆ ಕಟ್ಟಿದ ಗುಂಪುಗಳಿಗೆ ಕೊಟ್ಟದ್ದು ಸುಲಭದ ಲೆಕ್ಕವನ್ನಲ್ಲ, ಕಷ್ಟದ್ದನ್ನು. 'ನೀವು ಹಿಂದುಳಿದವರು' ಎಂಬ ಹಣೆಪಟ್ಟಿ ಅಲ್ಲಿರಲಿಲ್ಲ.

ನಮ್ಮ ಕಡೆ ಬೀಡಿ ಕಟ್ಟುವ ಹೆಂಗಸರು ಮಧ್ಯಾಹ್ನದ ಮೇಲೆ ಒಂದೇ ಜಗಲಿಯಲ್ಲಿ ಸೇರುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಒಬ್ಬೊಬ್ಬರ ಮಡಿಲಲ್ಲಿ ಒಂದೊಂದು ಮೊರ, ಕೆಲಸ ಅವರವರದ್ದೇ. ಆದರೆ ಹೊಸದಾಗಿ ಕಲಿಯುವ ಹುಡುಗಿಯ ಸುರುಳಿ ಸಡಿಲವಾದರೆ ಪಕ್ಕದವಳ ಕಣ್ಣಿಗೆ ಕೂಡಲೇ ಬೀಳುತ್ತದೆ. ಲೆಕ್ಕ ಕಲಿಯುವುದೂ ಹೀಗೇ ಆಗಬೇಕು. ಗೆಳತಿಗೆ ಹೇಳಿಕೊಡುವಾಗ ನಿನಗೇ ಗೊತ್ತಿಲ್ಲದ್ದು ಎಲ್ಲಿದೆ ಎಂದು ಗೊತ್ತಾಗುತ್ತದೆ. ಒಬ್ಬನೇ ಮಾಡುವ ಭಾಗವನ್ನು ಬಿಟ್ಟು ಬರೀ ಗುಂಪಿಗೆ ಬಂದರೆ ಮಾತ್ರ ಅದು ಪಟ್ಟಾಂಗವಾಗುತ್ತದೆ.

ಹೆದರಿಕೆಯನ್ನು ಕೊನೆಗೆ ಇಟ್ಟುಕೊಂಡೆ, ಯಾಕೆಂದರೆ ಅದನ್ನು ಎಲ್ಲದಕ್ಕೂ ಕಾರಣ ಮಾಡುವುದು ಈಗ ರೂಢಿಯಾಗಿದೆ. ಗಣಿತದ ಭಯ ನಿಜ. ಮಾರ್ಕ್ ಆಶ್‌ಕ್ರಾಫ್ಟ್ ಮತ್ತು ಎಲಿಜಬೆತ್ ಕರ್ಕ್ 2001ರಲ್ಲಿ ತೋರಿಸಿದಂತೆ, ಭಯವು ಲೆಕ್ಕ ಮಾಡುವ ಹೊತ್ತಿನಲ್ಲಿ ಮನಸ್ಸು ಹಿಡಿದಿಟ್ಟುಕೊಳ್ಳಬೇಕಾದ ಜಾಗವನ್ನೇ ತಿನ್ನುತ್ತದೆ. ದಶಕ ಕೊಂಡೊಯ್ಯುವಲ್ಲಿ ಕೈ ತಪ್ಪುತ್ತದೆ. ಆದರೆ ಅದನ್ನು ಕಳೆಯಲು ಸ್ಫೂರ್ತಿಯ ಭಾಷಣ ಸಾಲದು. ಒಂದು ಲೆಕ್ಕ ತಾನೇ ಬಿಡಿಸಿ, ಅದು ಮನೆಯಲ್ಲಿ ಯಾರಿಗೋ ಉಪಯೋಗಕ್ಕೆ ಬಂದರೆ ಭಯದ ಒಂದು ಪಾಲು ಹೋಗುತ್ತದೆ. ಅದನ್ನು ನಾನು ಕಣ್ಣಾರೆ ನೋಡಿದ್ದು ಅದೇ ನೆರಿಯದ ಜಗಲಿಯಲ್ಲಿ.

ಜೀಪು ಹೋದ ಮೇಲೆ ಅಮ್ಮ ಒಂದು ಕರಪತ್ರ ತಂದಿಟ್ಟರು. 50,000 ರೂಪಾಯಿ ಸಾಲ, ಬಡ್ಡಿ ಶೇ. 10 ಮಾತ್ರ, ಹನ್ನೆರಡು ಕಂತು, ತಿಂಗಳಿಗೆ 4,583 ರೂಪಾಯಿ. ಹುಡುಗ ಹಿಂಬದಿಯ ಖಾಲಿ ಜಾಗದಲ್ಲಿ ಬರೆಯತೊಡಗಿದ. ಒಟ್ಟು ಬಡ್ಡಿ 5,000. "ಸರಿ ಉಂಟಲ್ಲ, ಹತ್ತೇ" ಎಂದ. ಇಡೀ ಐವತ್ತು ಸಾವಿರ ಅಮ್ಮನ ಕೈಯಲ್ಲಿ ಎಷ್ಟು ತಿಂಗಳು ಇರುತ್ತದೆ ಎಂದು ಕೇಳಿದೆ. ಪೆನ್ನು ನಿಂತಿತು. ಮೊದಲ ತಿಂಗಳು ಮಾತ್ರ. ಕೊನೆಯ ತಿಂಗಳಿಗೆ ಉಳಿಯುವ ಅಸಲು 4,167. ಎರಡನ್ನೂ ಕೂಡಿಸಿ ಅರ್ಧ ಮಾಡಿದ, ಸರಾಸರಿ 27,083. ಈ ಸಲ ಅರ್ಧ ಮಾಡಿದ್ದು ಸರಿ, ಅಸಲು ತಿಂಗಳು ತಿಂಗಳು ಒಂದೇ ಅಳತೆಯಲ್ಲಿ ಇಳಿಯುತ್ತದಲ್ಲ. 27,083ರ ಮೇಲೆ 5,000 ಬಡ್ಡಿ ಎಂದರೆ ಹದಿನೆಂಟರ ಆಸುಪಾಸು. ಅವನು ಕ್ಯಾಲ್ಕುಲೇಟರಿನಲ್ಲಿ ಎರಡು ಸಲ ಒತ್ತಿ ನೋಡಿದ.

"ಅಮ್ಮ, ಇದು ಹತ್ತಲ್ಲ. ಹದಿನೆಂಟು."

"ಹತ್ತು ಅಂತಲೇ ಬರೆದಿದೆಯಲ್ಲ?"

"ಬರೆದದ್ದು ಹೌದು. ಕೊಟ್ಟು ಮುಗಿಸಿದ ಅಸಲಿಗೂ ಬಡ್ಡಿ ಹಾಕಿದ್ದಾರೆ."

ಅಮ್ಮ ಸ್ವಲ್ಪ ಹೊತ್ತು ಕರಪತ್ರ ನೋಡಿದರು. "ಹಾಗಾದರೆ ಸೊಸೈಟಿಯಲ್ಲಿ ಹೇಳುವ ಹನ್ನೆರಡು ಎಂಥದ್ದು? ಅದೂ ಹೀಗೆಯೋ, ಬೇರೆಯೋ?"

ಮಗ ಕರಪತ್ರ ಬದಿಗಿಟ್ಟು, ಇಂಟರ್ನಲ್‌ನ ನೋಟ್ಸಿನಲ್ಲೇ ಹೊಸ ಪುಟ ತೆಗೆದು ಎರಡು ಕಾಲಂ ಎಳೆದ.